ಸಹಾಯ ಬೇಕು: ಕನ್ನಡದಲ್ಲಿ ಕೇಳುವಂಥ ವೈಜ್ಞಾನಿಕ ಕಾದಂಬರಿ, ಫ್ಯಾಂಟಸಿ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ನಾನು ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡುವವಳು. ಮಾಲೂರು ಬಂದರೆ ನಿಲ್ಲೋಕೂ ಜಾಗ ಇರಲ್ಲ, ಪುಸ್ತಕ ಬಿಡಿಸೋದು ದೂರದ ಮಾತು. ಹಾಗಾಗಿ ಆಡಿಯೊಬುಕ್.

ಇಂಗ್ಲಿಷಿನಲ್ಲಿ ಕೇಳಿದ್ದರಲ್ಲಿ ತುಂಬಾ ಹಿಡಿಸಿದ್ದು ಆಂಡಿ ವೀರ್ ಅವರ 'ಪ್ರಾಜೆಕ್ಟ್ ಹೇಲ್ ಮೇರಿ' (2021). ಓದಿರೋದು ರೇ ಪೋರ್ಟರ್. ಅದರಲ್ಲಿ ಬರೋ ಅನ್ಯಗ್ರಹ ಜೀವಿ ಮಾತಾಡೋದೇ ಸ್ವರಗಳಲ್ಲಿ. ಅಚ್ಚಿನಲ್ಲಿ ಅಲ್ಲಿ ಬರೀ ಸಂಗೀತದ ಚಿಹ್ನೆ ಇರುತ್ತೆ, ಆಡಿಯೊದಲ್ಲಿ ಸ್ವರವೇ ಕಿವಿಗೆ ಬೀಳುತ್ತೆ! ಈ ಪುಸ್ತಕದ ಮಟ್ಟಿಗೆ ಓದೋದಕ್ಕಿಂತ ಕೇಳೋದೇ ಮೇಲು, ಖಂಡಿತ.

ಫ್ಯಾಂಟಸಿ ಮಾತ್ರ ಕಷ್ಟ. ರಾಶಿ ರಾಶಿ ಹೆಸರು, ಊರು, ವಂಶ. ಕಣ್ಣೆದುರು ನಕ್ಷೆ ಇಲ್ಲ, ಹಿಂದಿನ ಪುಟ ತಿರುವಿ ನೋಡೋ ಹಾಗಿಲ್ಲ. ಓದುವವರು ಪಾತ್ರಕ್ಕೊಂದು ದನಿ ಕೊಟ್ಟರಷ್ಟೇ ಹಿಡಿತ ಸಿಗೋದು. ಹಿನ್ನೆಲೆ ಸಂಗೀತ ಸುರಿದರೆ ನನಗಂತೂ ಆಗಲ್ಲ, ಮಾತೇ ಮುಳುಗಿಹೋಗುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಅಮ್ಮನಿಗೆ ಕಣ್ಣು ಮಂಜಾಗಿದೆ, ಇಂಗ್ಲಿಷ್ ಬರಲ್ಲ. ಹರಿಕಥೆ, ರೇಡಿಯೊ ನಾಟಕ ಕೇಳಿ ಬೆಳೆದವರು, ಕಥೆ ಅಂದ್ರೆ ಪ್ರಾಣ. ನಾನು ಕೇಳೋ ಈ ಲೋಕಗಳನ್ನ ಅವರಿಗೂ ಕೇಳಿಸ್ಬೇಕು. ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳು ಆಡಿಯೊದಲ್ಲಿ ಬಂದಿವೆಯಾ? ಹೊಸಬರದ್ದಾದರೂ ಸರಿ. ಸಾರಾಂಶ ಬೇಡ, ಪೂರ್ತಿ ಓದಿರಬೇಕು. ಡೌನ್‌ಲೋಡ್ ಆಗಲೇಬೇಕು, ನಮ್ಮ ಹಳ್ಳೀಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ. ಕೇಳಿ ನೋಡಿದವರು ಆಪ್ ಹೆಸರು, ಓದಿದವರ ಹೆಸರು ಎರಡೂ ತಿಳಿಸಿ ದಯವಿಟ್ಟು.