ಪದಚರ್ಚೆ: ‘ಹಿಂದಿನ ಗಾಜು’ ಅಂದರೆ ಯಾವ ಗಾಜು?

ಗೆಳೆಯರೇ,

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನ ತಂಗಿಯ ಮಗ ಕಾರಿನ ಗಾಜು ಕೂರಿಸುವ ಅಂಗಡಿ ಇಟ್ಟಿದ್ದಾನೆ. ಈಚೆಗೆ ಅವನಲ್ಲಿಗೆ ಎಲೆಕ್ಟ್ರಿಕ್ ಎಸ್‌ಯುವಿಗಳು ಜಾಸ್ತಿ ಬರುತ್ತಿವೆ. “ಮಾಮಾ, ಗಿರಾಕಿಗೆ ಕೊಡಾಕ ಕನ್ನಡದಾಗ ಒಂದು ಹಾಳಿ ಬರದು ಕೊಡ್ರಿ” ಅಂದ. ಕಾರಿನ ಹಿಂಭಾಗದ ಗಾಜು ಬದಲಿಸುವಾಗ ಏನೇನು ಮಾಡುತ್ತಾರೆ, ಆಮೇಲೆ ಏನು ಮಾಡಬಾರದು ಅನ್ನುವುದು ಅದರಲ್ಲಿರಬೇಕು. ಅಂಗಡಿಯ ಹುಡುಗರೂ ಅದನ್ನೇ ಗೋಡೆಗೆ ಹಚ್ಚಿಕೊಳ್ಳುತ್ತಾರಂತೆ. ಬರೆಯಲು ಕೂತವನು ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ನಿಮ್ಮ ಅಭಿಪ್ರಾಯ ಬೇಕು.

ಮೊದಲ ತೊಡಕು ‘ಹಿಂದಿನ’. ಈ ಸಾಲು ನೋಡಿ: “ಹಿಂದಿನ ಗಾಜಿನ ಅಂಟನ್ನು ಪೂರ್ತಿ ಕೆತ್ತಿ ತೆಗೆಯಬಾರದು.” ಕಾರಿನ ಹಿಂಭಾಗದ ಗಾಜಿನ ಅಂಟೋ, ಮೊದಲು ಇದ್ದ ಹಳೇ ಗಾಜಿನ ಅಂಟೋ? ಕನ್ನಡದಲ್ಲಿ ‘ಹಿಂದೆ’ ಜಾಗವನ್ನೂ ಹೇಳುತ್ತದೆ, ಕಾಲವನ್ನೂ ಹೇಳುತ್ತದೆ. ಹಿಂದಿನ ಮನೆ, ಹಿಂದಿನ ವರ್ಷ. ಮಾತಿನಲ್ಲಿ ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಆದರೆ ಗಾಜು ಬದಲಿಸುವ ಕೆಲಸದಲ್ಲಿ ಹಳೇದು-ಹೊಸದು, ಹಿಂದೆ-ಮುಂದೆ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಗೋಜಲು ಆಗಿಯೇ ಆಗುತ್ತದೆ.

ಈ ಸಾಲಿನಲ್ಲಿ ಹೇಳಬೇಕಾದ ವಿಷಯವೇ ಬೇರೆ. ಈ ಗಾಜನ್ನು ಕಾರಿನ ಲೋಹದ ಅಂಚಿಗೆ ಯುರೆಥೇನ್ ಅನ್ನುವ ಅಂಟಿನಿಂದ ಕೂರಿಸಿರುತ್ತಾರೆ. ಗಾಜು ತೆಗೆದ ಮೇಲೆ ಹಳೇ ಅಂಟನ್ನು ಬುಡದವರೆಗೆ ಕೆತ್ತುವುದಿಲ್ಲ. ಒಂದೆರಡು ಮಿಲಿಮೀಟರ್ ದಪ್ಪ ಉಳಿಸಿ ಸಮ ಮಾಡಿ, ಅದರ ಮೇಲೆ ಹೊಸ ಅಂಟಿನ ಸಾಲು ಎಳೆಯುತ್ತಾರೆ. ಹೊಸ ಅಂಟು ಹಳೇ ಅಂಟಿಗೆ ಚೆನ್ನಾಗಿ ಹಿಡಿಯುತ್ತದೆ. ಬುಡದವರೆಗೆ ಕೆತ್ತಿದರೆ ಪೇಂಟ್ ಕಿತ್ತು ಬರುತ್ತದೆ, ಅಲ್ಲಿಂದ ತುಕ್ಕು ಶುರು. ಅಂದರೆ ಅದು ‘ಹಳೇ ಅಂಟು’. ಅಷ್ಟು ಸರಿ. ಗಾಜಿಗೆ ಏನನ್ನಬೇಕು?

‘ಹಿಂದಿನ ಕಿಟಕಿ’ ಅನ್ನೋಣ ಅಂದರೆ ಹಿಂದಿನ ಸೀಟಿನ ಪಕ್ಕದ ಕಿಟಕಿಯೂ ಅದೇ. ಈ ಗೊಂದಲದಿಂದ ಬಿಡಿಭಾಗ ಕಳಿಸುವವರು ಬಾಗಿಲ ಗಾಜು ಕಳಿಸಿದ್ದೂ ಉಂಟಂತೆ. ಕಾನೂನಿನಲ್ಲೂ ಇವೆರಡು ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮ ಇದೆ. ಮುಂಭಾಗದ ಗಾಜು, ಹಿಂಭಾಗದ ಗಾಜು ಎರಡರಲ್ಲೂ ಕನಿಷ್ಠ 70 ಪರ್ಸೆಂಟ್ ಬೆಳಕು ಹಾಯಬೇಕು, ಪಕ್ಕದ ಕಿಟಕಿಗಳಲ್ಲಿ ಕನಿಷ್ಠ 50 ಪರ್ಸೆಂಟ್ ಅಂತ ಅದು ಹೇಳುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲ್ಮ್ ಅಂಟಿಸಬಾರದು ಅಂದದ್ದು ಇದೇ ನಿಯಮದ ಮೇಲೆ. ಅಂದಮೇಲೆ ‘ಹಿಂದಿನ ಕಿಟಕಿಗೆ 70’ ಅಂತ ಬರೆದರೆ ಓದುವವನು ಯಾವುದನ್ನು ಅಂದುಕೊಳ್ಳಬೇಕು?

ಇಂಗ್ಲಿಷಿನಿಂದ ಸಾಲ ತರೋಣ ಅಂದರೆ ಅಲ್ಲೂ ತಮಾಷೆ. ಗಾಜಿನ ವ್ಯಾಪಾರದವರ ಪಟ್ಟಿಯಲ್ಲಿ ಇದರ ಹೆಸರು ‘ಬ್ಯಾಕ್‌ಲೈಟ್’. ಇಂಗ್ಲಿಷಿನ ಹಳೇ ಬಳಕೆಯಲ್ಲಿ ಲೈಟ್ ಅಂದರೆ ಬೆಳಕು ಬರುವ ಕಿಂಡಿ, ಅದರ ಗಾಜು. ನಮ್ಮ ಗ್ಯಾರೇಜಿನಲ್ಲಿ ಬ್ಯಾಕ್ ಲೈಟ್ ಅಂದರೆ ಕೆಂಪು ದೀಪ, ಮುಗೀತು. ಆ ಪದ ಮುಟ್ಟುವ ಹಾಗೇ ಇಲ್ಲ.

ಹುಬ್ಬಳ್ಳಿ ಗ್ಯಾರೇಜುಗಳಲ್ಲಿ ನಿಜವಾಗಿ ಓಡುವ ಮಾತು ‘ಡಿಕ್ಕಿ ಗ್ಲಾಸ್’. ಹಿಂದೆ ಸಾಮಾನು ಇಡುವ ಜಾಗ ಡಿಕ್ಕಿ, ಅದರ ಬಾಗಿಲು ಡಿಕ್ಕಿ ಬಾಗಿಲು, ಅದರ ಗಾಜು ಡಿಕ್ಕಿ ಗ್ಲಾಸ್. ಎಸ್‌ಯುವಿಯಲ್ಲಿ ಪ್ರತ್ಯೇಕ ಡಿಕ್ಕಿ ಇಲ್ಲ, ಬಾಗಿಲೂ ಗಾಜೂ ಒಟ್ಟಿಗೆ ಮೇಲಕ್ಕೆ ಏಳುತ್ತವೆ. ಆದರೂ ಹೆಸರು ಉಳಿದಿದೆ. ಒಂದೇ ಗಾಜನ್ನು ತೋರಿಸುತ್ತದೆ, ಯಾವ ಹುಡುಗನಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನಗಂತೂ ಇದು ಒಳ್ಳೇ ಪದ.

ತೊಂದರೆ ಶುರುವಾಗುವುದು ವಿಮೆಯ ಕಾಗದದಲ್ಲಿ. ‘ಡಿಕ್ಕಿ’ ಅಂದರೆ ಹಾಯುವುದೂ ಹೌದಲ್ಲ. ಗಾಡಿಗೆ ಗಾಡಿ ಡಿಕ್ಕಿ ಹೊಡೆಯಿತು ಅನ್ನುತ್ತೇವೆ. ಇದು ಇಲ್ಲಿನದೇ ಪದ. ತೆಲುಗಿನವರು ‘ಢೀಕೊಟ್ಟು’ ಅನ್ನುವುದೂ ಇದರ ನೆಂಟನೇ ಇರಬೇಕು. ಸಾಮಾನಿನ ಡಿಕ್ಕಿ ಇಂಗ್ಲಿಷಿನಿಂದ ಬಂದದ್ದು, ಕುದುರೆ ಗಾಡಿಯ ಹಿಂದಿನ ಸೀಟಿಗೆ ಅವರು ಇಟ್ಟ ಹೆಸರು. ಎರಡೂ ಕನ್ನಡದಲ್ಲಿ ಒಂದೇ ಉಚ್ಚಾರಕ್ಕೆ ಬಂದು ಕೂತಿವೆ. ಈಗ “ಡಿಕ್ಕಿ ಗಾಜು ಒಡೆದಿದೆ” ಅಂತ ಬರೆದರೆ ಪರವಾಗಿಲ್ಲ. “ಡಿಕ್ಕಿಯ ಗಾಜು ಡಿಕ್ಕಿಯಿಂದ ಒಡೆದಿಲ್ಲ” ಅಂತ ಬರೆಯುವ ಪ್ರಸಂಗ ಬಂದರೆ? ನಗಬೇಡಿ. ನಿಂತ ಗಾಡಿಗೆ ಕಲ್ಲು ಬಿದ್ದು ಒಡೆದ ಪ್ರಕರಣಗಳಲ್ಲಿ ಬರೆಯಬೇಕಾದ್ದು ಅದನ್ನೇ.

ಪಂಡಿತರ ದಾರಿ ಹಿಡಿದರೆ ‘ಹಿಂಗಾಜು’ ಆಗುತ್ತದೆ. ಹಿಂಗಾಲು, ಹಿಂಗಾರು, ಹಿಂಬಾಗಿಲು ಇದ್ದ ಹಾಗೆ. ವ್ಯಾಕರಣಕ್ಕೆ ಒಪ್ಪುತ್ತದೆ, ಚಿಕ್ಕದೂ ಇದೆ. ಮುಂದಿನದಕ್ಕೆ ‘ಮುಂಗಾಜು’ ಅಂತ ಜೋಡಿಯೂ ಸಿಗುತ್ತದೆ. ಆದರೆ ಧಾರವಾಡದ ಕಡೆ ‘ಹಿಂಗ’ ಅಂದರೆ ಹೀಗೆ. ಅಂಗಡಿಯಲ್ಲಿ ಓದಿ ತೋರಿಸಿದಾಗ ಒಬ್ಬ ಹುಡುಗ “ಹಿಂಗ ಅಂದ್ರ ಹೆಂಗ್ರಿ?” ಅಂದ. ಅಲ್ಲಿಗೆ ಬಿಟ್ಟೆ.

ನನ್ನ ಒಲವು ಈಗ ‘ಹಿಂಬದಿ ಗಾಜು’ ಕಡೆಗೆ. ಬೈಕಿನಲ್ಲಿ ಹಿಂದೆ ಕೂರುವವರಿಗೆ ಪತ್ರಿಕೆಗಳು ‘ಹಿಂಬದಿ ಸವಾರ’ ಅಂತ ಬರೆದೂ ಬರೆದೂ ಆ ಪದ ಎಲ್ಲರ ಬಾಯಿಗೆ ಬಂದಿದೆ. ‘ಬದಿ’ ಇರುವುದರಿಂದ ಕಾಲದ ಅರ್ಥ ಬರುವುದಿಲ್ಲ. ಮಾತಿನಲ್ಲಿ ‘ಹಿಂದಗಡೆ ಗ್ಲಾಸ್’ ಅನ್ನುವುದೂ ಇದೇ ಕೆಲಸ ಮಾಡುತ್ತದೆ, ಅಲ್ಲಿ ‘ಕಡೆ’ ಸೇರಿದೆ. ಗಿರಾಕಿಯ ಹಾಳೆಯಲ್ಲಿ ‘ಹಿಂಬದಿ ಗಾಜು’, ಗೋಡೆಯ ಹಾಳೆಯಲ್ಲಿ ‘ಡಿಕ್ಕಿ ಗ್ಲಾಸ್’ ಅಂತ ಎರಡು ಬಗೆ ಇಟ್ಟರೆ ತಪ್ಪೇನು? ಒಂದು ವಸ್ತುವಿಗೆ ಒಂದೇ ಪದ ಇರಬೇಕು ಅನ್ನುವವರು ಇಲ್ಲಿ ಇದ್ದಾರೆ, ಗೊತ್ತು. ನಾನು ಆ ಪಂಗಡದವನಲ್ಲ.

ಎರಡನೆಯದು, ಗಾಜು ‘ಒಡೆಯುವ’ ಬಗೆ. ಇದರಲ್ಲಿ ಕನ್ನಡ ಬಹಳ ಶ್ರೀಮಂತ, ಆರಿಸುವುದೇ ಕಷ್ಟ. ಮುಂದಿನ ಗಾಜು ಎರಡು ಗಾಜಿನ ಹಾಳೆಗಳ ನಡುವೆ ಒಂದು ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು. ಕಲ್ಲು ಬಿದ್ದರೆ ಬಿರುಕು ಬಿಡುತ್ತದೆ, ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಹಿಂಬದಿ ಗಾಜು ಸಾಮಾನ್ಯವಾಗಿ ಒಂದೇ ಹಾಳೆ. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾಯಿಸಿ, ಎರಡೂ ಕಡೆಯಿಂದ ತಣ್ಣನೆ ಗಾಳಿ ಊದಿ ಗಕ್ಕನೆ ಆರಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ಆಮೇಲೆ ಕುಗ್ಗುತ್ತದೆ. ಹಾಗಾಗಿ ಹೊರಮೈ ಒತ್ತಡದಲ್ಲಿ, ಒಳಗು ಎಳೆತದಲ್ಲಿ ಉಳಿಯುತ್ತದೆ. ಈ ಬಿಗಿತದಿಂದಲೇ ಅದಕ್ಕೆ ಬಲ. ಅಂಚಿನಲ್ಲಿ ಒಂದು ಕಡೆ ಪೆಟ್ಟು ಬಿದ್ದು ಬಿಗಿ ತಪ್ಪಿದರೆ ಇಡೀ ಗಾಜು ಒಮ್ಮೆಲೇ ಕಲ್ಲುಸಕ್ಕರೆಯಂಥ ಹರಳಾಗಿ ಉದುರುತ್ತದೆ. ಕೆಲವು ಸಲ ಉದುರದೆ ಹಾಗೇ ನಿಂತಿರುತ್ತದೆ, ಡಿಕ್ಕಿ ಬಾಗಿಲು ಎತ್ತಿದ ಕೂಡಲೇ ಸುರಿಯುತ್ತದೆ.

ಇದಕ್ಕೆ ‘ಬಿರುಕು’ ಅನ್ನಲಾಗದು. ‘ಸೀಳು’ ಅಲ್ಲ. ‘ಪುಡಿ’ ಅಂದರೆ ಹಿಟ್ಟಿನಷ್ಟು ನುಣ್ಣಗೆ ಅನಿಸುತ್ತದೆ. ‘ನುಚ್ಚುನೂರು’ ಅನ್ನುವ ಮಾತು ಇದಕ್ಕೇ ಹುಟ್ಟಿದ ಹಾಗಿದೆ. ಜೋಳದ ನುಚ್ಚು ಉಣ್ಣುವ ನಮ್ಮ ಕಡೆಯವರಿಗೆ ನುಚ್ಚಿನ ಗಾತ್ರ ಬಿಡಿಸಿ ಹೇಳಬೇಕಾ? ಹಾಳೆಯಲ್ಲಿ ಹೀಗೆ ಬರೆದಿದ್ದೇನೆ: “ಮುಂಬದಿ ಗಾಜು ಬಿರುಕು ಬಿಡುತ್ತದೆ, ಹಿಂಬದಿ ಗಾಜು ನುಚ್ಚಾಗುತ್ತದೆ.” ಮುಂದಿನದರ ಸಣ್ಣ ಬಿರುಕಿಗೆ ಕೆಲವೊಮ್ಮೆ ರಾಳ ತುಂಬಿ ಸರಿ ಮಾಡಬಹುದು. ನುಚ್ಚಾದದ್ದಕ್ಕೆ ರಿಪೇರಿ ಇಲ್ಲ, ಬದಲಿಸಲೇಬೇಕು. ಒಂದು ಕ್ರಿಯಾಪದದಿಂದ ಗಿರಾಕಿಗೆ ಇಷ್ಟು ತಿಳಿದರೆ ಒಳ್ಳೆಯದೇ ಅಲ್ವಾ?

ಆದರೆ ಈ ಬಗೆಯ ಗಾಜಿಗೆ ಹೆಸರೇನು? ಪುಸ್ತಕದ ‘ಕಠಿಣಗೊಳಿಸಿದ ಗಾಜು’ ಅಂಗಡಿಯಲ್ಲಿ ನಿಲ್ಲುವುದಿಲ್ಲ. ಕಂಬಾರರು ಕುಡುಗೋಲಿಗೆ ಹದ ಹಾಕುತ್ತಾರೆ, ಕಾಯಿಸಿ ಗಕ್ಕನೆ ಆರಿಸುವುದು ಅಲ್ಲೂ ಇದೆ. ‘ಹದಗಾಜು’ ಅಂದರೆ ಹೇಗೆ ಅಂತ ಯೋಚಿಸಿದೆ. ಒಂದೇ ಅಳುಕು: ‘ಹದನಾದ ಕತ್ತಿ’ ಅಂದರೆ ಹರಿತವಾದ ಕತ್ತಿ. ಹದಗಾಜು ಅಂದಾಗ ಹರಿತವಾದ ಗಾಜು ಅಂತ ಕೇಳಿಸಿದರೆ ಅರ್ಥ ತಲೆಕೆಳಗು. ಇದರ ಹರಳುಗಳು ಮೊಂಡಾಗಿರಲಿ, ಯಾರಿಗೂ ಆಳವಾಗಿ ಕೊಯ್ಯದಿರಲಿ ಅಂತಲೇ ಹೀಗೆ ಮಾಡುವುದು. ಸದ್ಯ ‘ಟಫನ್ಡ್ ಗ್ಲಾಸ್’ ಅಂತಲೇ ಬಿಟ್ಟಿದ್ದೇನೆ. ಉತ್ತಮ ಪದ ಇದ್ದರೆ ಹೇಳಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ಅಂಟು ‘ಒಣಗುವುದು’. ಎಲ್ಲರೂ ಹಾಗೇ ಅನ್ನುತ್ತಾರೆ, “ಅಂಟು ಒಣಗಲಿ, ಆಮೇಲೆ ಗಾಡಿ ಒಯ್ಯಿರಿ.” ಆದರೆ ಈ ಅಂಟು ಒಣಗುವ ಜಾತಿಯದ್ದೇ ಅಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಗಾಳಿ ಒಣಗಿದ್ದರೆ, ಚಳಿ ಇದ್ದರೆ ನಿಧಾನ. ಡಿಸೆಂಬರ್ ಚಳಿಯಲ್ಲಿ ಆಗುವುದಕ್ಕಿಂತ ಮಳೆಗಾಲದ ಬೆಚ್ಚನೆ ದಿನ ಬೇಗ ಆಗುತ್ತದೆ. ‘ಒಣಗು’ ಅಂತ ಬರೆದರೆ ಗಿರಾಕಿ ಏನು ಮಾಡುತ್ತಾನೆ? ಬಿಸಿಲಿಗೆ ನಿಲ್ಲಿಸುತ್ತಾನೆ, ಮುಟ್ಟಿ ನೋಡುತ್ತಾನೆ, ಮೇಲೆ ಒಣಗಿದ ಹಾಗೆ ಕಂಡರೆ ಹೊರಟುಬಿಡುತ್ತಾನೆ. ಒಳಗೆ ಇನ್ನೂ ಮೆತ್ತಗೇ ಇರುತ್ತದೆ.

ಹಾಗಾದರೆ ‘ಕ್ಯೂರಿಂಗ್’ ಅಂತ ಇರಲಿ ಅಂದುಕೊಂಡೆ. ಮನೆ ಕಟ್ಟಿಸಿದವರಿಗೆಲ್ಲ ಗೊತ್ತು, ಗೌಂಡಿ ಕ್ಯೂರಿಂಗ್ ಅಂದರೆ ಬೆಳಿಗ್ಗೆ ಸಂಜೆ ನೀರು ಹೊಡೆಯುವುದು. “ಕ್ಯೂರಿಂಗ್ ಆಗುವವರೆಗೆ ಎಚ್ಚರಿಕೆ” ಅಂತ ಓದಿ ಯಾರಾದರೂ ಹೊಸ ಗಾಜಿಗೆ ಪೈಪು ಹಿಡಿದರೆ? ಮೊದಲ ದಿನ ಜೋರು ನೀರು ಬಿಡಬಾರದು ಅಂತಲೇ ನಾವು ಹೇಳುವುದು.

ಉಳಿದವು ಹಿಡಿ, ಬಿಗಿ, ಹೆಪ್ಪುಗಟ್ಟು, ಬಲಿ. ‘ಹಿಡಿ’ ಅನ್ನುವುದು ಹಚ್ಚಿದ ಕೂಡಲೇ ಆಗುತ್ತದೆ. ‘ಹೆಪ್ಪುಗಟ್ಟು’ ಅಂದರೆ ತಣ್ಣಗಾಗುವುದು ನೆನಪಾಗುತ್ತದೆ. ‘ಬಲಿ’ ನನಗೆ ಹಿಡಿಸಿತು. ಕಾಯಿ ಬಲಿಯುತ್ತದೆ, ಎಲುಬು ಬಲಿಯುತ್ತದೆ, ಹೊತ್ತು ಹಿಡಿಯುತ್ತದೆ, ಒಳಗಿನಿಂದಲೂ ಗಟ್ಟಿಯಾಗುತ್ತದೆ. “ಅಂಟು ಬಲಿಯುವವರೆಗೆ ಗಾಡಿ ಓಡಿಸಬೇಡಿ. ಬಾಗಿಲು ಹಾಕುವಾಗ ಒಂದು ಕಿಟಕಿ ಸ್ವಲ್ಪ ಇಳಿಸಿಡಿ, ಒಳಗಿನ ಗಾಳಿ ಗಾಜನ್ನು ಹೊರಗೆ ನೂಕಬಾರದು.” ಎಷ್ಟು ಹೊತ್ತು ಅನ್ನುವುದನ್ನು ಅಂಟು ಮಾಡುವ ಕಂಪನಿ ಹೇಳಿರುತ್ತದೆ, ಒಂದೊಂದಕ್ಕೆ ಒಂದೊಂದು. ‘ಅಂಟು ಬಲಿ’ ಅಂತ ನಾಮಪದ ಮಾಡಲು ಮಾತ್ರ ಹೋಗಬೇಡಿ, ಕುರಿ-ಕೋಳಿ ನೆನಪಾಗುತ್ತವೆ.

ಇನ್ನು ಕೆಲವು ಚಿಲ್ಲರೆ ಪ್ರಶ್ನೆಗಳು. ಗಾಜಿನ ಮೇಲೆ ಸಣ್ಣ ಅಡ್ಡ ಗೆರೆಗಳಿರುತ್ತವೆ. ಬೆಳ್ಳಿ ಬೆರೆತ ಲೇಪವನ್ನು ಗಾಜಿನ ಮೇಲೇ ಅಚ್ಚು ಹಾಕಿ ಸುಟ್ಟು ಕೂರಿಸಿದ್ದು. ಕರೆಂಟು ಹರಿದರೆ ಕಾಯುತ್ತವೆ, ಗಾಜಿನ ಮಬ್ಬು ಬಿಡುತ್ತದೆ. ಇವನ್ನು ‘ಕಾವುಗೆರೆ’ ಅಂದಿದ್ದೇನೆ. “ಒಳಗಿನಿಂದ ಒರೆಸುವಾಗ ಕಾವುಗೆರೆ ಕೆರೆಯಬೇಡಿ” ಅನ್ನುವುದು ಕಿವಿಗೆ ಚೆನ್ನಾಗಿದೆ.

‘ಬ್ಯಾಟರಿ’ ಪದಕ್ಕೂ ಎಚ್ಚರ ಬೇಕು. ಎಲೆಕ್ಟ್ರಿಕ್ ಗಾಡಿಯಲ್ಲಿ ಎರಡು ಬ್ಯಾಟರಿ. ಕಾವುಗೆರೆ, ವೈಪರ್, ಮೇಲಿನ ಬ್ರೇಕ್ ದೀಪ ಎಲ್ಲ ಸಾಮಾನ್ಯವಾಗಿ 12 ವೋಲ್ಟಿನ ಸಣ್ಣದರಿಂದ ನಡೆಯುತ್ತವೆ. ಗಾಡಿ ಓಡಿಸುವ ದೊಡ್ಡದರ ಕಿತ್ತಳೆ ಬಣ್ಣದ ವೈರುಗಳನ್ನು ಗಾಜಿನ ಕೆಲಸದವರು ಮುಟ್ಟಬಾರದು. “ಮೊದಲು ಬ್ಯಾಟರಿ ಬಿಚ್ಚಿ” ಅಂತ ಸುಮ್ನೆ ಬರೆಯುವ ಹಾಗಿಲ್ಲ. ‘ಸಣ್ಣ ಬ್ಯಾಟರಿಯ ಮೈನಸ್ ವೈರು’ ಅಂತಲೇ ಬರೆದೆ, ಚಂದ ಕಾಣದಿದ್ದರೂ ಪರವಾಗಿಲ್ಲ.

ಬಿಲ್ಲಿನಲ್ಲಿ ಗಾಜು ಬೇರೆ, ರಬ್ಬರ್ ಪಟ್ಟಿ ಬೇರೆ ಬರೆಯಬೇಕು. ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಗಾಜಿಗೆ ಸವಕಳಿ, ಅಂದರೆ ಬಳಸಿ ಹಳೇದಾದದ್ದರ ಬಾಬ್ತು, ಕಳೆಯುವುದಿಲ್ಲ, ರಬ್ಬರ್ ಮತ್ತು ಪ್ಲಾಸ್ಟಿಕ್ಕಿಗೆ 50 ಪರ್ಸೆಂಟ್ ಕಳೆಯುತ್ತಾರೆ. ‘ಸವಕಳಿ’ ಎಲ್ಲರಿಗೂ ತಿಳಿಯುತ್ತದಾ, ಅಥವಾ ‘ಡಿಪ್ರಿಸಿಯೇಷನ್’ ಅಂತಲೇ ಬರೆಯಲೇ?

ಈ ಎಲ್ಲ ತಲೆನೋವು ಬೇಡ ಅನ್ನುವವರಿಗೆ ಪೋಲ್‌ಸ್ಟಾರ್ 4 ಅಂತ ಒಂದು ಎಲೆಕ್ಟ್ರಿಕ್ ಕಾರಿದೆ, ಸ್ವೀಡನ್ ಕಂಪನಿಯದು. ಅದಕ್ಕೆ ಹಿಂಬದಿ ಗಾಜೇ ಇಲ್ಲ, ಕ್ಯಾಮೆರಾ ಇದೆ.

ಧಾರವಾಡದಲ್ಲಿ ಟಾಟಾ ಮಾರ್ಕೊಪೊಲೊ ಹೆಸರಿನಲ್ಲಿ ಶುರುವಾದ ಬಸ್ ಕಾರ್ಖಾನೆಯಲ್ಲಾಗಲಿ, ಸಾರಿಗೆ ಸಂಸ್ಥೆಯ ಡಿಪೋಗಳಲ್ಲಾಗಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಉತ್ತರಿಸಿ. ಬಸ್ಸಿಗೆ ಡಿಕ್ಕಿ ಬಾಗಿಲಿಲ್ಲ, ಆದರೆ ಹಿಂದೆ ದೊಡ್ಡ ಗಾಜಿದೆ. ಅದಕ್ಕೆ ನೀವು ಏನನ್ನುತ್ತಿದ್ದಿರಿ? ಗದಗ, ಹಾವೇರಿ ಕಡೆಯ ಗ್ಯಾರೇಜುಗಳಲ್ಲಿ ಬೇರೆ ಮಾತು ಇದ್ದರೆ ಅದೂ ಬೇಕು.

ಕೊನೆಯದಾಗಿ ಒಂದು. ಎಲೆಕ್ಟ್ರಿಕ್ ಗಾಡಿಯಲ್ಲಿ ಎಂಜಿನ್ ಸದ್ದಿಲ್ಲ. ಅಂಟಿನ ಸಾಲಿನಲ್ಲಿ ಎಲ್ಲೋ ಸಣ್ಣ ಸಂದು ಉಳಿದರೂ ಹೈವೇಯಲ್ಲಿ ಗಾಳಿಯ ಸದ್ದು ಕೇಳುತ್ತದೆ. ಗಿರಾಕಿಗಳು “ಸುಂಯ್ ಅಂತೈತ್ರಿ” ಅಂತ ವಾಪಸ್ ಬರುತ್ತಾರೆ. ಹಾಳೆಯಲ್ಲಿ “ಸುಂಯ್ ಸದ್ದು ಬಂದರೆ ಗಾಡಿ ತನ್ನಿ” ಅಂತ ಬರೆದಿದ್ದೆ. ತಂಗಿಯ ಮಗ ಅದನ್ನು ಹೊಡೆದು ‘ಗಾಳಿ ಸೋರಿಕೆಯ ಶಬ್ದ’ ಅಂತ ತಿದ್ದಿದ್ದಾನೆ. ಯಾವುದು ಇರಲಿ?