ಸರ್ಕಾರಿ ನೌಕರರು ನಿಜವಾಗಿ ಜಾಸ್ತಿ ಇದ್ದಾರಾ?

ಪ್ರಶ್ನೆ (ಕಾಫಿ ಬೆಳೆಗಾರ, ಸೋಮವಾರಪೇಟೆ):
ಮೇಡಂ, ನೀವು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ಸರ್ಕಾರಿ ನೌಕರರು ವಿಪರೀತ ಆಗಿದ್ದಾರೆ, ತೆರಿಗೆಯೆಲ್ಲ ಸಂಬಳಕ್ಕೇ ಹೋಗುತ್ತೆ ಅಂತಾರೆ. ಆದರೆ ಪೌತಿ ಖಾತೆಗೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು) ಅಲೆದರೆ ಕಚೇರಿಯಲ್ಲಿ ‘ಸಿಬ್ಬಂದಿ ಇಲ್ಲ’ ಅನ್ನುತ್ತಾರೆ. ಯಾವುದು ನಿಜ?

ಉತ್ತರ (ಅರ್ಥಶಾಸ್ತ್ರ ಉಪನ್ಯಾಸಕಿ, ಮಡಿಕೇರಿ):
ಸರ್, ಕಚೇರಿಯವರು ಹೇಳಿದ್ದೇ ನಿಜಕ್ಕೆ ಹತ್ತಿರ. 2021ರ ಮಾರ್ಚ್ 1ರ ಲೆಕ್ಕದಲ್ಲಿ ಕೇಂದ್ರ ಸರ್ಕಾರದ ಮಂಜೂರಾದ ಹುದ್ದೆ ಸುಮಾರು 40 ಲಕ್ಷ. ಕೆಲಸದಲ್ಲಿದ್ದವರು 30 ಲಕ್ಷ ಚಿಲ್ಲರೆ. ಅವರಲ್ಲೂ ಸುಮಾರು 12 ಲಕ್ಷ ಜನ ರೈಲ್ವೆಯವರು. ರೈಲೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ಆ ದೊಡ್ಡ ಸಂಖ್ಯೆ ಕಣ್ಣಿಗೆ ಬೀಳುವುದೇ ಇಲ್ಲ.

ನಿಮ್ಮ ಖಾತೆ ಕೆಲಸ ಮಾಡುವವರು ರಾಜ್ಯದ ನೌಕರರು. ಕರ್ನಾಟಕದಲ್ಲಿ ಮಂಜೂರಾದ ಏಳೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳಲ್ಲಿ ಎರಡೂವರೆ ಲಕ್ಷದ ಮೇಲೆ ಖಾಲಿ ಇವೆ. ಅಂದರೆ ಮೂರಕ್ಕೆ ಒಂದು ಕುರ್ಚಿ ಖಾಲಿ. ಇತ್ತ ಪೊನ್ನಂಪೇಟೆ, ಕುಶಾಲನಗರ ಸೇರಿ ನಮ್ಮ ತಾಲ್ಲೂಕುಗಳು ಮೂರರಿಂದ ಐದಾದವು. ತಾಲ್ಲೂಕು ಅಂತ ಬೋರ್ಡು ಹಾಕಿದರೆ ಸಾಲದು. ಸರ್ವೆಯರ್, ಗುಮಾಸ್ತ, ಗ್ರಾಮ ಆಡಳಿತ ಅಧಿಕಾರಿ ಎಲ್ಲರೂ ಬೇಕು. ಒಬ್ಬರಿಗೇ ಮೂರ್ನಾಲ್ಕು ವೃತ್ತ ವಹಿಸಿದರೆ ಫೈಲು ಎಲ್ಲಿಂದ ಸರಿಯುತ್ತದೆ?

ಸಂಬಳದ ಮಾತೂ ಪೂರ್ತಿ ಸುಳ್ಳಲ್ಲ, ಆದರೆ ಪಿಂಚಣಿಯನ್ನೂ ನೋಡಬೇಕು. 2025ರಲ್ಲಿ 8ನೇ ವೇತನ ಆಯೋಗ ಘೋಷಿಸಿದಾಗ ಕೇಂದ್ರ ಹೇಳಿದ ಲೆಕ್ಕ: ನೌಕರರು ಸುಮಾರು 50 ಲಕ್ಷ, ಪಿಂಚಣಿದಾರರು ಸುಮಾರು 65 ಲಕ್ಷ.

ಪ್ರಶ್ನೆ (ನಿವೃತ್ತ ಸುಬೇದಾರ್, ವಿರಾಜಪೇಟೆ):
50 ಲಕ್ಷದಲ್ಲಿ ಸೇನೆಯವರೂ ಇದ್ದಾರಾ ಮೇಡಂ?

ಉತ್ತರ:
ಇದ್ದಾರೆ ಸರ್. ಮೊದಲು ಹೇಳಿದ 30 ಲಕ್ಷದಲ್ಲಿ ಸೇನೆಯ ಸಮವಸ್ತ್ರದವರು ಇಲ್ಲ. ಎರಡು ಸಂಖ್ಯೆಗಳ ನಡುವಿನ ದೊಡ್ಡ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅದೇ.

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ, ನಾಪೋಕ್ಲು):
ಅಕ್ಕಾ, ನಾವು ಯಾವ ಲೆಕ್ಕಕ್ಕೆ ಬರುತ್ತೇವೆ?

ಉತ್ತರ:
ಯಾವುದಕ್ಕೂ ಇಲ್ಲಮ್ಮ. ನನಗೆ ತುಂಬಾ ನೋವಾಗುವುದು ಇದೇ ವಿಷಯಕ್ಕೆ. ನಿಮಗೆ ಕೊಡುವುದು ಗೌರವಧನ, ಹಾಗಾಗಿ ಕಾಗದದ ಮೇಲೆ ನೀವು ನೌಕರರಲ್ಲ. ಆಶಾ ಕಾರ್ಯಕರ್ತೆಯರೂ ಅಷ್ಟೇ. ನಾರ್ವೆ, ಸ್ವೀಡನ್‌ನಲ್ಲಿ ದುಡಿಯುವ ಹತ್ತು ಜನರಲ್ಲಿ ಸುಮಾರು ಮೂವರು ಸರ್ಕಾರದವರು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು, ಆಸ್ಪತ್ರೆ ದಾದಿಯರು ಬಹುತೇಕ ಸರ್ಕಾರದ ಸಂಬಳದವರೇ. ಜಪಾನಿನಲ್ಲಿ ಇಪ್ಪತ್ತಕ್ಕೆ ಒಬ್ಬರು ಮಾತ್ರ. ಮಳೆಗಾಲದಲ್ಲಿ ಗುಡ್ಡ ಹತ್ತಿ ಮನೆಮನೆಗೆ ಹೋಗುವ ನಿಮ್ಮನ್ನು ಬಿಟ್ಟು ಎಣಿಸಿ, ನೌಕರರು ಜಾಸ್ತಿ ಅಂತ ಸುಮ್ನೆ ಹೇಳುವುದು ಸರಿಯಲ್ಲ. ನಿಮಗೆ ನೌಕರರ ಸ್ಥಾನ, ಪಿಂಚಣಿ ಎರಡೂ ಸಿಗಬೇಕು.