ಹಳೇಮನೆ ಬಳಗ: ಮಾತ್ರೆ ಜಗಳ

ತೀರ್ಥಹಳ್ಳಿ ದೊಡ್ಡಪ್ಪ: (ಫಾರ್ವರ್ಡ್) ಡಿಪ್ರೆಶನ್ ಮಾತ್ರೆ ಶುದ್ಧ ಮೋಸ! ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಕಥೆ ಸುಳ್ಳೆಂದು 2022ರಲ್ಲಿ ಲಂಡನ್ ವಿಜ್ಞಾನಿಗಳೇ ಒಪ್ಪಿದ್ದಾರೆ. ಇಂದೇ ನಿಲ್ಲಿಸಿ. ಎಲ್ಲರಿಗೂ ಕಳಿಸಿ.

ವಿನಯ: ದೊಡ್ಡಪ್ಪ, ವರದಿ ನಿಜ. ಲಂಡನ್ನಿನ ಮನೋವೈದ್ಯೆ ಜೊವಾನಾ ಮಾಂಕ್ರಿಫ್ ತಂಡದ್ದು. ಸೆರೊಟೋನಿನ್ ಕಡಿಮೆ ಆಗಿದ್ದಕ್ಕೇ ಖಿನ್ನತೆ ಬರುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ ಅಂದರು, ಅಷ್ಟೇ. ಮಾತ್ರೆಯಿಂದ ಗುಣ ಆಗುತ್ತದೋ ಇಲ್ಲವೋ ಅಂತ ಅದರಲ್ಲಿ ನೋಡಿಯೇ ಇಲ್ಲ. "ಇಂದೇ ನಿಲ್ಲಿಸಿ" ಅನ್ನೋದು ಯಾರೋ ಸೇರಿಸಿದ್ದು.

ತೀರ್ಥಹಳ್ಳಿ ದೊಡ್ಡಪ್ಪ: ಕೊರತೆಯೇ ಇಲ್ಲ ಅಂದ ಮೇಲೆ ಮಾತ್ರೆ ಯಾಕೋ?

ವಿನಯ: ಮೈಲುತುತ್ತ ಕಡಿಮೆ ಆಗಿ ಅಡಿಕೆಗೆ ಕೊಳೆರೋಗ ಬರುತ್ತಾ? ಆದ್ರೂ ಮಳೆಗೆ ಮುಂಚೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಸುತ್ತೀರಲ್ಲ!

ಅನು ಅಕ್ಕ: 😂

ವಿನಯ: ನರಕೋಶ ಹೊರಗೆ ಬಿಟ್ಟ ಸೆರೊಟೋನಿನ್ ವಾಪಸ್ ಒಳಗೆ ಹೋಗದ ಹಾಗೆ ಈ ಮಾತ್ರೆಗಳಲ್ಲಿ ಹೆಚ್ಚಿನವು ತಡೆಯುತ್ತವೆ. ಅದು ಕೆಲವೇ ಗಂಟೆಗಳಲ್ಲಿ ಶುರು. ಆದರೆ ಮನಸ್ಸು ಹಗುರಾಗಲು 2ರಿಂದ 6 ವಾರ ಬೇಕು. ಅಂದರೆ ನಡುವೆ ಮಿದುಳಿನಲ್ಲಿ ಬೇರೇನೋ ನಿಧಾನವಾಗಿ ಬದಲಾಗುತ್ತಿರಬೇಕು. 2018ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 522 ಪ್ರಯೋಗ ಒಟ್ಟುಮಾಡಿ ನೋಡಿದರು. 21 ಔಷಧಿಗಳೂ ಔಷಧವಿಲ್ಲದ ಸಕ್ಕರೆ ಮಾತ್ರೆಗಿಂತ ಮೇಲು. ಪವಾಡವೇನಲ್ಲ, ಸಾಧಾರಣ ವ್ಯತ್ಯಾಸ.

ಅನು ಅಕ್ಕ: ಅಡ್ಡಪರಿಣಾಮವನ್ನೂ ಹೇಳು ಮಾರಾಯ, ಸುಮ್ನೆ ಹೊಗಳಬೇಡ. ಶುರುವಿನಲ್ಲಿ ವಾಕರಿಕೆ, ಬೆವರು, ನಿದ್ದೆಗೇಡು. ದಂಪತಿಗಳ ಲೈಂಗಿಕ ತೊಂದರೆಯಂತೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ. 25ರೊಳಗಿನವರಿಗೆ ಮೊದಮೊದಲು ಸಾಯುವ ಯೋಚನೆ ಜಾಸ್ತಿ ಆಗಬಹುದು, ಮನೆಯವರು ಕಣ್ಣಿಟ್ಟಿರಬೇಕು.

ಸಾಗರದ ಅತ್ತೆ: ವಿನಯ, ಈ ಮೆಸೇಜ್ ನನಗೆ ಮೊದಲೇ ಬಂದಿತ್ತು. ಮೊನ್ನೆಯಿಂದ ಮಾತ್ರೆ ಬಿಟ್ಟಿದ್ದೇನೆ. ಕತ್ತು ತಿರುಗಿಸಿದರೆ ತಲೆಯೊಳಗೆ ಚುರ್ ಅಂತ ಕರೆಂಟ್ ಹೊಡೆದ ಹಾಗಾಗುತ್ತೆ.

ತೀರ್ಥಹಳ್ಳಿ ದೊಡ್ಡಪ್ಪ: ನೋಡಿ! ಚಟ ಹಿಡಿಸಿದೆ.

ವಿನಯ: ಚಟ ಅಂದರೆ ಇನ್ನೂ ಬೇಕು, ಇನ್ನೂ ಬೇಕು ಅನ್ನಿಸೋದು. ಅತ್ತೆಗೆ ಹಾಗಿಲ್ಲ. ಮೈ ಮಾತ್ರೆಗೆ ಒಗ್ಗಿದೆ, ಥಟ್ಟನೆ ಬಿಟ್ಟರೆ ಹೀಗಾಗುತ್ತದೆ. ಬಿಡುವುದಾದರೆ ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅತ್ತೆ, ಈಗಲೇ ಅವರಿಗೆ ಫೋನ್ ಮಾಡಿ. ನಿಮ್ಮ ಬಿಪಿ ಮಾತ್ರೆ ಯಾವುದು ಅಂತಲೂ ಹೇಳಿ. ಮೂತ್ರ ಜಾಸ್ತಿ ಮಾಡಿಸುವಂಥದ್ದಾದರೆ ಎರಡೂ ಸೇರಿ ರಕ್ತದಲ್ಲಿ ಸೋಡಿಯಂ ಇಳಿಯಬಹುದು, ನಿಮ್ಮ ವಯಸ್ಸಿಗೆ ಆ ಭಯ ಇನ್ನೂ ಜಾಸ್ತಿ.

ತೀರ್ಥಹಳ್ಳಿ ದೊಡ್ಡಪ್ಪ: ನಾನು ಒಳ್ಳೇದಕ್ಕೇ ಹಾಕಿದ್ದು. ಈಗ ಎಲ್ಲದಕ್ಕೂ ಮಾತ್ರೆ ಬರೆಯುತ್ತಾರೆ, ಅದು ಸುಳ್ಳಾ?

ಅನು ಅಕ್ಕ: ಸುಳ್ಳಲ್ಲ ದೊಡ್ಡಪ್ಪ. ಅದನ್ನು ಡಾಕ್ಟರ ಎದುರು ಕೂತು ಕೇಳಬೇಕು.

ಸಾಗರದ ಅತ್ತೆ: ಡಾಕ್ಟರ್ ಸಿಕ್ಕರು. ಮಾತ್ರೆ ಇವತ್ತಿಂದಲೇ ಮತ್ತೆ ತಗೊಳ್ಳಿ, ಸೋಮವಾರ ರಕ್ತ ಪರೀಕ್ಷೆಗೆ ಬನ್ನಿ ಅಂದರು. ಅಣ್ಣಯ್ಯ, ಇದನ್ನು ಬೇರೆ ಗುಂಪಿಗೂ ಹಾಕಿದ್ದೀರಾ?

ತೀರ್ಥಹಳ್ಳಿ ದೊಡ್ಡಪ್ಪ: ಸೊಸೈಟಿ ಗುಂಪಿಗೆ ಹಾಕಿದ್ದೆ. ವಿನಯ, ನೀನು ಬರೆದದ್ದನ್ನು ಅಲ್ಲಿಗೂ ಕಳಿಸಲಾ? ಮೈಲುತುತ್ತದ್ದು ಬಿಟ್ಟು.